ಪ್ರತಿಫಲನದಿಂದಲೇ ವೃತ್ತೀಯ ಧ್ರುವೀಕರಣ (ಬೆಳಕಿನ ಕಂಪನದ ದಿಕ್ಕು ಸುತ್ತುತ್ತ ಸಾಗುವುದು) ಕೊಡುವ ತೆಳುಪದರದ ಕನ್ನಡಿ ವಿನ್ಯಾಸಕ್ಕೆ ಯಾವ ಸಾಫ್ಟ್‌ವೇರ್ ಒಳ್ಳೆಯದು?

ಸಾಫ್ಟ್‌ವೇರ್ ಹುಡುಕುವುದನ್ನು ಸದ್ಯಕ್ಕೆ ಬಿಡಿ. 45 ಡಿಗ್ರಿಯಲ್ಲಿ ಕೆಂಪು ಲೇಸರ್, ಬಹುಪದರದ ಕನ್ನಡಿ: ನೀವು ಕೇಳಿದಂಥದ್ದನ್ನೇ ನಾನೂ ಮಂಗಳೂರಿನಲ್ಲಿ ಸಂಶೋಧನೆಗೆ ಕೈಗೆತ್ತಿಕೊಂಡಿದ್ದೆ. ಲೆಕ್ಕದಲ್ಲಿ ದೋಷವಿರಲಿಲ್ಲ. 632.8 ನ್ಯಾನೋಮೀಟರ್ ಬೆಳಕಿಗೆ ಸಿಲಿಕಾ ಪದರದ ಕಾಲು ತರಂಗ ದಪ್ಪ ನೇರ ಬಿದ್ದಾಗ 108 ನ್ಯಾನೋಮೀಟರ್, 45 ಡಿಗ್ರಿಯಲ್ಲಿ 124 ಎಂಬುದನ್ನೂ ಮರೆತಿರಲಿಲ್ಲ.

ಎಡವಿದ್ದು ಪುಸ್ತಕದ ವಕ್ರೀಭವನ ಸೂಚ್ಯಂಕವನ್ನು (ಪದಾರ್ಥದೊಳಗೆ ಬೆಳಕು ಎಷ್ಟು ನಿಧಾನವಾಗುತ್ತದೆ ಎಂಬ ಅಂಕಿ) ನಂಬಿ. 1.46 ಎಂಬುದು ಗಟ್ಟಿ ಸಿಲಿಕಾ ಗಾಜಿನದು. ನಿರ್ವಾತದಲ್ಲಿ ಆವಿಯಾಗಿಸಿ ಕೂರಿಸಿದ ಪದರ ಅಷ್ಟು ಗಟ್ಟಿಯಾಗಿರುವುದಿಲ್ಲ. ತೋಟದ ಅಡಿಕೆ ಮರಗಳ ಹಾಗೆ ಕಂಬಕಂಬವಾಗಿ ಬೆಳೆಯುತ್ತದೆ, ನಡುವೆ ಸಂದುಗಳು ಉಳಿಯುತ್ತವೆ. ಹೊರಗಾಳಿ ತಾಗಿದೊಡನೆ ಆ ಸಂದುಗಳು ತೇವ ಹೀರುತ್ತವೆ. ಗಾಳಿಯ ಸೂಚ್ಯಂಕ 1, ನೀರಿನದು 1.33. ಅಳತೆಗೆ ಪದರ ಇದ್ದ ಹಾಗೇ ಇರುತ್ತದೆ, ಬೆಳಕಿನ ಪಾಲಿಗೆ ದಪ್ಪವಾಗಿಬಿಡುತ್ತದೆ. ಜುಲೈಯಲ್ಲಿ ಪಣಂಬೂರಿನ ನನ್ನ ಬಾಡಿಗೆ ಕೋಣೆಯಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತಿತ್ತು. ಅದೇ ಗಾಳಿ ಪ್ರಯೋಗಾಲಯದಲ್ಲೂ ಇದೆ ಎಂದು ನನಗೆ ಹೊಳೆಯಲಿಲ್ಲ.

ಹೊಳೆಯದಿರಲು ಕಾರಣ, ನಾನು ಅಳೆಯುತ್ತಿದ್ದದ್ದು ಎಷ್ಟು ಬೆಳಕು ಮರಳಿತು ಎಂಬುದನ್ನು ಮಾತ್ರ. ಬೆಳಕಿನ ಪಿ, ಎಸ್ ಎರಡೂ ಘಟಕಗಳು (ಒಂದಕ್ಕೊಂದು ಲಂಬವಾಗಿ ಕಂಪಿಸುವ ಭಾಗಗಳು) ಹೆಚ್ಚುಕಡಿಮೆ ಪೂರ್ತಿ ಮರಳುತ್ತಿದ್ದವು. ವೃತ್ತೀಯ ಬೆಳಕಿಗಾಗಿ ನನಗೆ ಬೇಕಿದ್ದದ್ದು ಅವುಗಳ ನಡುವಿನ 90 ಡಿಗ್ರಿ ಫೇಸ್ ವ್ಯತ್ಯಾಸ, ಅಂದರೆ ಒಂದರ ಅಲೆ ಇನ್ನೊಂದಕ್ಕಿಂತ ಕಾಲು ಸುತ್ತು ಹಿಂದಿರುವುದು. ಪವರ್ ಮೀಟರ್ ಅದನ್ನು ತೋರಿಸುವುದೇ ಇಲ್ಲ. ತಿಂಗಳುಗಟ್ಟಲೆ ಕಳೆದ ಮೇಲೆ ಒಂದೇ ದಿಕ್ಕಿನ ಕಂಪನವನ್ನು ಬಿಡುವ ಪೋಲರಾಯ್ಡ್ ಹಿಡಿದು ತಿರುಗಿಸಿದರೆ, ಹಾಳೆಯ ಮೇಲಿನ ಕೆಂಪು ಚುಕ್ಕೆ ಒಮ್ಮೆ ಬೆಳಗಿತು, ಒಮ್ಮೆ ಮಂಕಾಯಿತು. ವೃತ್ತೀಯ ಬೆಳಕಾಗಿದ್ದರೆ ಅದರಲ್ಲಿ ಏರಿಳಿತವೇ ಇರಬಾರದು. ವ್ಯತ್ಯಾಸ 90ರ ಬದಲು 70 ಆದರೂ ಸಾಕು, ಗರಿಷ್ಠ ಪ್ರಕಾಶ ಕನಿಷ್ಠದ ಎರಡರಷ್ಟಾಗುತ್ತದೆ. ಕನ್ನಡಿಯನ್ನು ಬಿಸಿ ಮಾಡಿದಾಗ ಏರಿಳಿತ ತಗ್ಗಿತು. ತಣಿದು ಗಾಳಿಯಲ್ಲಿ ಕೂತ ಮೇಲೆ ಮತ್ತೆ ಬಂತು. ತೇವವೇ ಕಾರಣ ಎನ್ನಲು ಬೇರೆ ಸಾಕ್ಷಿ ಬೇಕಿರಲಿಲ್ಲ. ಅಷ್ಟರಲ್ಲಿ ನನ್ನ ಫೆಲೋಶಿಪ್ ಅವಧಿ ಮುಗಿದಿತ್ತು.

ಪದರಗಳ ಮ್ಯಾಟ್ರಿಕ್ಸ್ ಲೆಕ್ಕವನ್ನು ಪೈಥಾನ್‌ನಲ್ಲಿ ನೀವೇ ಬರೆಯಬಹುದು, ಅದಕ್ಕೆ ದುಡ್ಡು ಸುರಿಯಬೇಡಿ. ನೀವು ಬಳಸಲಿರುವ ಯಂತ್ರದಲ್ಲೇ ಸಿಲಿಕಾನ್ ಬಿಲ್ಲೆಯ ಮೇಲೆ ಒಂದೊಂದೇ ಪದಾರ್ಥದ ಪದರ ಕೂರಿಸಿ, ಎಲಿಪ್ಸೋಮೀಟರಿನಲ್ಲಿ ಸೂಚ್ಯಂಕ ಅಳೆಯಿರಿ. ಮಳೆಗಾಲದಲ್ಲಿ ಅಳೆಯಿರಿ, ಬೇಸಿಗೆಯ ಅಂಕಿಯನ್ನು ನೆಚ್ಚಬೇಡಿ. ಸ್ಪಟರಿಂಗ್ (ಅಯಾನುಗಳ ಹೊಡೆತದಿಂದ ಪದಾರ್ಥವನ್ನು ಚಿಮ್ಮಿಸಿ ಕೂರಿಸುವುದು) ಅಥವಾ ಅಯಾನು ನೆರವಿನ ಲೇಪನ ಎಲ್ಲಾದರೂ ಸಿಕ್ಕರೆ ಅಲ್ಲಿಗೇ ಹೋಗಿ. ಪದರ ಒತ್ತಾಗಿ ಬರುತ್ತದೆ.

ಇನ್ನು, ಪ್ರಯೋಗಕ್ಕೆ ವೃತ್ತೀಯ ಬೆಳಕು ಸಿಕ್ಕರೆ ಸಾಕು ಎನ್ನುವುದಾದರೆ ಈ ಕನ್ನಡಿಯೇ ನಿಮಗೆ ಬೇಡ. ಫ್ರೆನೆಲ್ ರಾಂಬ್ ಎಂಬ ಗಾಜಿನ ಪ್ರಿಸಂ ಕೊಳ್ಳಿ. ಗಾಜಿನೊಳಗೆ ಎರಡು ಪೂರ್ಣ ಆಂತರಿಕ ಪ್ರತಿಫಲನ, ಒಂದೊಂದರಲ್ಲಿ 45 ಡಿಗ್ರಿ ಫೇಸ್ ವ್ಯತ್ಯಾಸ. ತೇವ ಹೀರಲು ಅಲ್ಲಿ ಪದರವೇ ಇಲ್ಲ.