ಮನೆಯೊಳಗಿನ ಗಿಡಗಳು: ನಿಮ್ಮ ಪ್ರಶ್ನೆಗಳಿಗೆ ಉತ್ತರ (ಮತ್ತೆ ಅದೇ ಹಳದಿ ಎಲೆ)

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ, ಎಲೆ ಹಳದಿ ಆಗ್ತಿದೆ ಏನ್ ಮಾಡ್ಲಿ ಅಂತ. ಎಷ್ಟು ಸಲ ಹೇಳಿದ್ರೂ ಮತ್ತೆ ಬರತ್ತೆ. ಅದಕ್ಕೆ ಒಬ್ಬರ ಪ್ರಶ್ನೆ ತಗೊಂಡು ಪೂರ್ತಿ ಉತ್ತರ ಕೊಡ್ತೀನಿ, ಉಳಿದವ್ರೂ ಇದನ್ನೇ ನಿಮ್ಮ ಉತ್ತರ ಅಂದ್ಕೊಂಡು ಓದಿ. ಗಿಡಕ್ಕೆ ಬೆಳಕು ಬೇಕು, ನೀರು ಬೇಕು ಅಂತ ಮೊದಲಿಂದ ಶುರು ಮಾಡಲ್ಲ.

ಪ್ರಶ್ನೆ: ಹಾಲ್‌ನಲ್ಲಿ ಸೋಫಾ ಪಕ್ಕ ಮೂಲೆಲಿ ಒಂದು ಸ್ನೇಕ್ ಪ್ಲಾಂಟ್, ಒಂದು ಮನಿ ಪ್ಲಾಂಟ್ ಇಟ್ಟಿದೀನಿ. ಬಿಳಿ ಸೆರಾಮಿಕ್ ಪಾಟ್, ತಳದಲ್ಲಿ ತೂತಿಲ್ಲ, ಆದ್ರೆ ಕೆಳಗೆ ಎರಡು ಇಂಚು ಜಲ್ಲಿ ಹಾಕಿದೀನಿ. ದಿನಾ ಬೆಳಗ್ಗೆ ತಪ್ಪದೇ ಒಂದು ಲೋಟ ನೀರು ಹಾಕ್ತೀನಿ. ಆದ್ರೂ ಎಲೆ ಹಳದಿಯಾಗಿ ಬಾಡ್ತಿದೆ, ಸ್ನೇಕ್ ಪ್ಲಾಂಟಿನ ಒಂದೆಲೆ ಬುಡದಲ್ಲಿ ಮೆತ್ತಗಾಗಿ ಬಿದ್ದೇ ಹೋಯ್ತು. ನರ್ಸರಿಯವ್ರು ಗ್ರೋತ್ ಟಾನಿಕ್ ಕೊಟ್ಟಿದಾರೆ, ಫ್ರೆಂಡ್ ನೀರು ಸಾಲ್ತಿಲ್ಲ ಅಂತಾಳೆ. ಯಾರ ಮಾತು ಕೇಳ್ಲಿ?

ಇಬ್ಬರದ್ದೂ ಬೇಡ. ಟಾನಿಕ್ ಬಾಟ್ಲಿ ಎತ್ತಿಡಿ, ನೀರು ಇವತ್ತೇ ನಿಲ್ಲಿಸಿ.

ಬೇರು ನೀರು ಕುಡಿಯತ್ತೆ ಅಂತ ಎಲ್ರಿಗೂ ಗೊತ್ತು, ಬೇರು ಉಸಿರಾಡತ್ತೆ ಅನ್ನೋದು ಮಾತ್ರ ಯಾರಿಗೂ ನೆನಪಿರಲ್ಲ. ಮಣ್ಣಿನ ಕಣಗಳ ನಡುವೆ ಸಣ್ಣ ಸಣ್ಣ ಸಂದು ಇರತ್ತೆ, ಅದರಲ್ಲಿರೋ ಗಾಳಿಯಿಂದಲೇ ಬೇರಿಗೆ ಆಮ್ಲಜನಕ ಸಿಗೋದು, ನೀವು ದಿನಾ ಲೋಟ ಲೋಟ ಸುರಿದ್ರೆ ಆ ಸಂದೆಲ್ಲ ನೀರು ತುಂಬ್ಕೊಂಡು ಬೇರು ಉಸಿರುಕಟ್ಟಿ ಸಾಯತ್ತೆ, ಸತ್ತ ಬೇರಿಗೆ ಪಿಥಿಯಂ, ಫೈಟಾಫ್ತೊರಾ ಥರದ ರೋಗಾಣು ಮುತ್ತತ್ತೆ, ಕೊಳೆತ ಮೇಲೇರ್ತಾ ಬುಡಕ್ಕೆ ಬರತ್ತೆ. ಈಗ ಬೇರೇ ಇಲ್ಲ ಅಂದ್ಮೇಲೆ ಎಲೆಗೆ ನೀರು ತಲುಪೋದು ಹೇಗೆ? ಮಣ್ಣು ಕೆಸರಾಗಿದ್ರೂ ಎಲೆ ಬಾಯಾರಿ ಬಾಡತ್ತೆ. ಅದನ್ನ ನೋಡಿ ನೀರು ಸಾಲ್ತಿಲ್ಲ ಅಂತ ಇನ್ನೊಂದು ಲೋಟ ಹಾಕ್ತಾರೆ. ಮನೆಯೊಳಗಿನ ಗಿಡಗಳು ಬಹುಪಾಲು ಸಾಯೋದೇ ಹೀಗೆ, ಪ್ರೀತಿಯಿಂದ ನೋಡ್ಕೊಳ್ಳೋರ ಕೈಲೇ ಸಾಯತ್ತೆ, ಅದಕ್ಕೇ ನಂಗೆ ಇಷ್ಟು ಸಂಕಟ ಆಗೋದು.

ಟಾನಿಕ್ ವಿಷಯ. ಅದ್ರಲ್ಲಿ ಇರೋದು ಹೆಚ್ಚಾಗಿ ಗೊಬ್ಬರದ ಲವಣ. ಆರೋಗ್ಯವಾಗಿರೋ ಬೇರಿಗೆ ಬೆಳಕು ಚೆನ್ನಾಗಿರೋ ಕಾಲದಲ್ಲಿ ಸ್ವಲ್ಪ ಕೊಟ್ರೆ ಸರಿ, ಕೊಳೀತಿರೋ ಬೇರಿಗೆ ಹಾಕಿದ್ರೆ ಉಳಿದಿರೋ ನಾಲ್ಕು ಬೇರೂ ಸುಟ್ಟುಹೋಗತ್ತೆ. ಗಿಡ ನೋಡದೆ, ಬೇರು ನೋಡದೆ ಬಾಟ್ಲಿ ಕೊಡೋರನ್ನ ದಯವಿಟ್ಟು ನಂಬಬೇಡಿ.

ಇನ್ನು ಜಲ್ಲಿ. ಇದನ್ನ ಯಾರು ಶುರು ಮಾಡಿದ್ರೋ, ಎಲ್ಲರ ತಲೇಲೂ ಕೂತ್ಬಿಟ್ಟಿದೆ. ಪಾತ್ರೆ ತೊಳೆಯೋ ಸ್ಪಾಂಜ್ ಪೂರ್ತಿ ನೆನೆಸಿ ಅಂಗೈ ಮೇಲೆ ಮಲಗಿಸಿ ಹಿಡೀರಿ, ಸ್ವಲ್ಪ ಹೊತ್ತು ತೊಟ್ಟಿಕ್ಕಿ ನಿಂತು ಹೋಗತ್ತೆ. ಈಗ ಅದನ್ನ ಹಾಗೇ ಜಲ್ಲಿ ಮೇಲಿಡಿ, ಹೆಚ್ಚಿಗೆ ಏನೂ ಇಳಿಯಲ್ಲ. ಸಣ್ಣ ಸಂದಿರೋ ಮಣ್ಣು ಹಿಡ್ಕೊಂಡಿರೋ ನೀರನ್ನ ದೊಡ್ಡ ಸಂದಿರೋ ಜಲ್ಲಿಗೆ ಸುಲಭಕ್ಕೆ ಬಿಟ್ಟುಕೊಡಲ್ಲ, ಜಲ್ಲಿ ಮೇಲಿನ ಮಣ್ಣು ಒದ್ದೆಯಾಗೇ ಉಳಿಯತ್ತೆ. ಅಂದ್ರೆ ಪಾಟಿನ ತಳದಲ್ಲಿ ಇರಬೇಕಿದ್ದ ಕೆಸರನ್ನ ನೀವು ಎರಡು ಇಂಚು ಮೇಲೆತ್ತಿ ಬೇರಿಗೆ ಹತ್ತಿರ ತಂದಿಟ್ಟಿದೀರಿ. ತೂತಿಲ್ಲದ ಪಾಟಿಗೆ ಜಲ್ಲಿ ಪರಿಹಾರ ಅಲ್ಲ, ತೂತೇ ಪರಿಹಾರ.

ಬಿಳಿ ಪಾಟ್ ಚೆಂದ ಕಾಣತ್ತೆ ಅಂದ್ರೆ ಇಟ್ಕೊಳ್ಳಿ, ನಂದೇನೂ ತಕರಾರಿಲ್ಲ. ಗಿಡ ಮಾತ್ರ ತೂತಿರೋ ತೆಳು ಪ್ಲಾಸ್ಟಿಕ್ ಪಾಟಲ್ಲೇ ಇರ್ಲಿ, ಅದನ್ನ ಸೆರಾಮಿಕ್ ಒಳಗೆ ಇಳಿಸಿ. ನೀರು ಹಾಕಬೇಕಾದಾಗ ಹೊರಗೆ ತೆಗೆದು ಸಿಂಕಲ್ಲಿಟ್ಟು ತಳದಿಂದ ಹರಿಯೋವರೆಗೂ ಹಾಕಿ, ಪೂರ್ತಿ ಬಸಿದ ಮೇಲೆ ವಾಪಸ್ ಇಡಿ.

ಈಗ ಸೋಫಾ ಪಕ್ಕದ ಮೂಲೆ. ಅಲ್ಲಿ ಪೇಪರ್ ಓದೋಕಾಗತ್ತೆ, ಅಷ್ಟು ಬೆಳಕಿದೆ ಅಂತೀರಿ. ಕಣ್ಣಿನ ಮಾತು ಕೇಳಬೇಡಿ, ಕತ್ತಲಾದಷ್ಟೂ ಅದು ಹೊಂದ್ಕೊಳ್ಳತ್ತೆ, ಎಲೆ ಹೊಂದ್ಕೊಳ್ಳಲ್ಲ. ಹೊರಗೆ ನೆತ್ತಿ ಮೇಲಿನ ಬಿಸಿಲು ಸುಮಾರು 1 ಲಕ್ಷ ಲಕ್ಸ್ (ಬೆಳಕು ಅಳೆಯೋ ಮಾನ) ಇರತ್ತೆ, ನೇರ ಬಿಸಿಲು ಬೀಳದ ಕಿಟಕಿ ಪಕ್ಕ ಅದು ಒಂದೆರಡು ಸಾವಿರಕ್ಕೆ ಇಳೀಬಹುದು, ಒಳಗಿನ ಮೂಲೇಲಿ 100 ಇದ್ರೆ ಹೆಚ್ಚು. ಅಷ್ಟು ಕಮ್ಮಿ ಬೆಳಕಲ್ಲಿ ಗಿಡ ಆಹಾರ ಮಾಡ್ಕೊಳ್ಳೋದೇ ಕಮ್ಮಿ, ಹಾಗಾಗಿ ನೀರು ಖರ್ಚಾಗೋದೂ ಕಮ್ಮಿ. ಕಿಟಕಿ ಹತ್ರ ವಾರದೊಳಗೆ ಒಣಗೋ ಅದೇ ಪಾಟು ಮೂಲೇಲಿ ಮೂರು ವಾರ ಒದ್ದೆಯಾಗೇ ಇರಬಹುದು. ಇದಕ್ಕೇ ವಾರಕ್ಕೆ ಎಷ್ಟು ಸಲ ನೀರು ಹಾಕ್ಲಿ ಅನ್ನೋ ಪ್ರಶ್ನೆಗೆ ನಾನು ಯಾವತ್ತೂ ಸಂಖ್ಯೆ ಹೇಳಲ್ಲ, ಹೇಳೋರ ಮಾತನ್ನೂ ಕೇಳಬೇಡಿ. ಬೆರಳಿನ ಎರಡನೇ ಗೆಣ್ಣಿನವರೆಗೆ ಮಣ್ಣೊಳಗೆ ಇಳಿಸಿ, ಮನಿ ಪ್ಲಾಂಟಿಗೆ ಅಷ್ಟು ಆಳ ಒಣಗಿರಬೇಕು, ಸ್ನೇಕ್ ಪ್ಲಾಂಟಿಗೆ ತಳದವರೆಗೂ ಒಣಗಿರಬೇಕು. ಪಾಟ್ ಎತ್ತಿ ತೂಕ ನೋಡೋ ಅಭ್ಯಾಸ ಮಾಡ್ಕೊಂಡ್ರೆ ಬೆರಳೂ ಬೇಡ.

ಈಗ ಇರೋ ಗಿಡ ಉಳಿಸ್ಕೊಳ್ಳೋ ದಾರಿ. ಪಾಟಿಂದ ಹೊರಗೆ ತೆಗೀರಿ, ಮೊದಲು ವಾಸನೆ ನೋಡಿ, ಕೊಳೆತಿದ್ರೆ ಮೂಗಿಗೇ ಗೊತ್ತಾಗತ್ತೆ. ಒಂದು ಬೇರನ್ನ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೀರಿ. ಗಟ್ಟಿಯಾಗಿದ್ರೆ ಬದುಕಿದೆ. ಮೇಲಿನ ಕಂದು ಸಿಪ್ಪೆ ಲೊಳಲೊಳ ಅಂತ ಜಾರಿ ಕೈಗೆ ಬಂದು ಒಳಗೆ ದಾರದ ಥರ ಒಂದು ಎಳೆ ಮಾತ್ರ ಉಳಿದ್ರೆ ಅದು ಸತ್ತಿದೆ. ಸತ್ತಿದ್ದನ್ನೆಲ್ಲ ಸ್ಪಿರಿಟ್‌ನಲ್ಲಿ ಒರೆಸಿದ ಕತ್ತರಿಯಿಂದ ಕತ್ತರಿಸಿ, ದಾಕ್ಷಿಣ್ಯ ನೋಡಬೇಡಿ. ಹಳೇ ಮಣ್ಣು ಬಿಸಾಡಿ, ಪರ್ಲೈಟ್ (ನರ್ಸರೀಲಿ ಸಿಗೋ ಹಗುರ ಬಿಳಿ ಕಲ್ಲಿನ ಕಾಳು) ಅಥವಾ ದಪ್ಪ ಮರಳು ಸೇರಿಸಿದ ಹಗುರ ಮಿಶ್ರಣಕ್ಕೆ ನೆಡಿ, ಪಾಟು ಉಳಿದಿರೋ ಬೇರಿನ ಅಳತೆಗೆ ಇರ್ಲಿ. ಆಮೇಲೆ ಬೆಳೆಯತ್ತೆ ಅಂತ ದೊಡ್ಡ ಪಾಟಿಗೆ ಹಾಕಿದ್ರೆ ಬೇರು ತಲುಪದ ಮಣ್ಣು ಒದ್ದೆಯಾಗೇ ಉಳಿದು ಮತ್ತೆ ಅದೇ ಕಥೆ.

ಬೇರು ಪೂರ್ತಿ ಹೋಗಿದ್ರೆ ಮನಿ ಪ್ಲಾಂಟಿನ ಬಳ್ಳಿಯನ್ನ ಗೆಣ್ಣಿನ (ಎಲೆ ಹುಟ್ಟೋ ಗಂಟಿನ) ಕೆಳಗೆ ಕತ್ತರಿಸಿ ನೀರಲ್ಲಿಡಿ, ಗೆಣ್ಣಿಂದಲೇ ಬೇರು ಬರತ್ತೆ, ಗೆಣ್ಣಿಲ್ಲದ ತೊಟ್ಟಿಟ್ರೆ ಹೊಸ ಬಳ್ಳಿ ಬರಲ್ಲ. ಸ್ನೇಕ್ ಪ್ಲಾಂಟಿನ ಗಟ್ಟಿ ಎಲೆಯನ್ನ ತುಂಡು ಮಾಡಿ ಎರಡು ದಿನ ಗಾಯ ಒಣಗಿಸಿ ನೆಟ್ರೆ ಚಿಗುರತ್ತೆ, ತುದಿ ಮೇಲೆ ಬುಡ ಕೆಳಗೆ ಇರೋ ಹಾಗೇ ನೆಡಬೇಕು, ಚಿಗುರೋಕೆ ತಿಂಗಳುಗಟ್ಟಲೆ ತಗೊಳ್ಳತ್ತೆ. ಆದ್ರೆ ನಿಮ್ಮದು ಹಳದಿ ಅಂಚಿನ ಜಾತಿ ಆಗಿದ್ರೆ ಎಲೆಯಿಂದ ಬರೋ ಮರಿ ಬರೀ ಹಸಿರಾಗಿರತ್ತೆ. ಹಳದಿ ಅಂಚು ಬೇಕು ಅಂದ್ರೆ ಗೆಡ್ಡೆಯನ್ನೇ ಬಿಡಿಸಿ ನೆಡಬೇಕು, ಇದಕ್ಕೆ ಔಷಧಿ ಇದೆ ಅಂತ ಯಾರಾದ್ರೂ ಮಾರಿದ್ರೆ ಅದು ಮೋಸ.

ಪ್ರಶ್ನೆ: ಗಾಳಿ ಶುದ್ಧ ಮಾಡೋ ಗಿಡ ಯಾವುದು? ಸ್ನೇಕ್ ಪ್ಲಾಂಟ್ ರಾತ್ರಿ ಆಕ್ಸಿಜನ್ ಕೊಡತ್ತಂತೆ, ಬೆಡ್‌ರೂಮಿಗೆ ಎಷ್ಟು ಇಡ್ಲಿ?

ಈ ಕಥೆಗೆ ಮೂಲ 1989ರ ನಾಸಾ ವರದಿ. ಅದರಲ್ಲಿ ಗಿಡಗಳನ್ನ ಇಟ್ಟಿದ್ದು ಗಾಳಿಯಾಡದ ಮುಚ್ಚಿದ ಪೆಟ್ಟಿಗೇಲಿ, ಮನೇಲಲ್ಲ. 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಇಂಥ ಪ್ರಯೋಗಗಳ ಅಂಕಿಗಳನ್ನೆಲ್ಲ ಒಟ್ಟಿಗೆ ಲೆಕ್ಕ ಹಾಕಿ ನೋಡಿದ್ರು: ಕಟ್ಟಡದಲ್ಲಿ ಸಾಮಾನ್ಯವಾಗಿ ಆಗೋ ಗಾಳಿ ಬದಲಾವಣೆ ಮಾಡೋ ಕೆಲಸಕ್ಕೆ ಗಿಡ ಸಾಟಿ ಆಗ್ಬೇಕಂದ್ರೆ ಒಂದು ಚದರ ಮೀಟರ್ ನೆಲಕ್ಕೆ 10ರಿಂದ 1000 ಗಿಡ ಬೇಕು. ಕಿಟಕಿ ತೆಗೀರಿ, ಸಾಕು. ರಾತ್ರಿ ಆಕ್ಸಿಜನ್ ಅನ್ನೋದೂ ಅರ್ಧ ಕೇಳಿ ಹಬ್ಬಿಸಿದ್ದು. ಸ್ನೇಕ್ ಪ್ಲಾಂಟ್ ರಾತ್ರಿ ಪತ್ರರಂಧ್ರ (ಎಲೆ ಮೇಲಿನ ಸಣ್ಣ ಸಣ್ಣ ತೂತು) ತೆಗೆದು ಇಂಗಾಲದ ಡೈಆಕ್ಸೈಡ್ ಎಳ್ಕೊಂಡು ಕೂಡಿಟ್ಕೊಳ್ಳತ್ತೆ, ನಿಜ, ಆಕ್ಸಿಜನ್ ಹುಟ್ಟೋದು ಮಾತ್ರ ಬೆಳಕಿದ್ದಾಗಲೇ. ಆಸ್ತಮಾ ಇರೋರಿಗೆ ಇದೇ ಮಾತು ಹೇಳಿ ಗಿಡ ಮಾರ್ತಾರಲ್ಲ, ಅದನ್ನ ಕಂಡ್ರೆ ನಂಗೆ ಸಿಟ್ಟು ಬರತ್ತೆ. ಗಿಡ ಇಷ್ಟ ಅಂತ ಇಡಿ, ಚಿಕಿತ್ಸೆಗೆ ಡಾಕ್ಟರ್ ಹತ್ರ ಹೋಗಿ.

ಪ್ರಶ್ನೆ: ಎಲೆ ಹೊಳೆಯೋಕೆ ಹಾಲು ಹಚ್ಚಲಾ, ಎಣ್ಣೆ ಹಚ್ಚಲಾ?

ಎರಡೂ ಬೇಡ, ಒದ್ದೆ ಬಟ್ಟೆ.

ಪ್ರಶ್ನೆ: ಕಾಫಿ ಚರಟ, ಮೊಟ್ಟೆ ಸಿಪ್ಪೆ ನೇರ ಪಾಟಿಗೆ ಹಾಕಬಹುದಾ?

ಕಾಂಪೋಸ್ಟ್ ಮಾಡಿ ಆಮೇಲೆ ಹಾಕಿ. ಹಸಿ ಚರಟ ಹಾಕಿದ್ರೆ ಬೂಸ್ಟು ಬರತ್ತೆ. ಪಾಟಿನ ಸುತ್ತ ಹಾರೋ ಸಣ್ಣ ಕಪ್ಪು ನೊಣಗಳ ಬಗ್ಗೆ ಕೇಳಿದವ್ರಿಗೂ ಇಲ್ಲೇ ಹೇಳ್ತೀನಿ, ಮೇಲ್ಮಣ್ಣು ಒಣಗೋಕೆ ಬಿಡಿ, ಮರಿಹುಳ ಬದುಕೋದೇ ಆ ಒದ್ದೇಲಿ.

ಪ್ರಶ್ನೆ: ಮನೇಲಿ ಬೆಕ್ಕಿದೆ, ಒಂದೂವರೆ ವರ್ಷದ ಮಗು ಇದೆ. ಲಿಲ್ಲಿ ಮತ್ತೆ ಡೈಫನ್‌ಬೇಕಿಯಾ ಎತ್ತರದ ಶೆಲ್ಫಲ್ಲಿ ಇಡಬಹುದಾ?

ಇಡಬೇಡಿ. ನಿಜವಾದ ಲಿಲ್ಲಿ ಜಾತಿಯ ಎಲೆ, ಹೂವು, ಪರಾಗ, ಹೂದಾನಿಯ ನೀರು ಕೂಡ ಬೆಕ್ಕಿನ ಕಿಡ್ನಿ ಕೆಡಿಸಿ ಜೀವ ತೆಗೆಯತ್ತೆ, ಪರಾಗ ಮೈಗೆ ಮೆತ್ಕೊಂಡು ನೆಕ್ಕಿದ್ರೂ ಸಾಕು. ತಿಂದಿರಬಹುದು ಅಂತ ಅನುಮಾನ ಬಂದ್ರೂ ಲಕ್ಷಣ ಕಾಣ್ಲಿ ಅಂತ ಕಾಯದೆ ತಕ್ಷಣ ಪಶುವೈದ್ಯರ ಹತ್ರ ಓಡಿ. ಡೈಫನ್‌ಬೇಕಿಯಾದಲ್ಲಿ ಸೂಜಿ ಥರದ ಕ್ಯಾಲ್ಸಿಯಂ ಆಕ್ಸಲೇಟ್ ಹರಳಿದೆ, ಕಚ್ಚಿದ್ರೆ ಬಾಯಿ ನಾಲಿಗೆ ಉರಿದು ಊದ್ಕೊಳ್ಳತ್ತೆ. ಮನಿ ಪ್ಲಾಂಟ್, ಮಾನ್‌ಸ್ಟೆರಾ, ಪೀಸ್ ಲಿಲ್ಲಿಯಲ್ಲೂ ಅದೇ ಹರಳು. ಎತ್ತರದಲ್ಲಿಟ್ರೆ ಸಾಕು ಅಂತಾರೆ, ನಾನು ಒಪ್ಪಲ್ಲ, ಬೆಕ್ಕು ಹತ್ತತ್ತೆ, ಹಣ್ಣೆಲೆ ಕೆಳಗೆ ಬೀಳತ್ತೆ, ಮಗು ಎತ್ಕೊಂಡು ಬಾಯಿಗಿಡತ್ತೆ. ಸ್ಪೈಡರ್ ಪ್ಲಾಂಟ್, ಅರೆಕಾ ಪಾಮ್, ಬಾಸ್ಟನ್ ಫರ್ನ್ ಇಡಿ.

ಪ್ರಶ್ನೆ: ಫೈಕಸ್ ತಂದ ವಾರಕ್ಕೇ ಎಲೆ ಎಲ್ಲ ಉದುರ್ತಿದೆ. ಮೂರು ಜಾಗ ಬದಲಾಯಿಸಿ ನೋಡಿದೆ.

ಆ ಮೂರು ಜಾಗವೇ ಕಾರಣ. ಬೆಳಕು ಬದಲಾದಾಗೆಲ್ಲ ಫೈಕಸ್ ಹಳೇ ಎಲೆ ಉದುರಿಸಿ ಹೊಸ ಬೆಳಕಿಗೆ ತಕ್ಕ ಎಲೆ ಹಾಕ್ಕೊಳ್ಳತ್ತೆ, ಅದು ಮುಗಿಯೋದ್ರೊಳಗೆ ನೀವು ಮತ್ತೆ ಎತ್ತಿಟ್ರಿ. ಕಿಟಕಿ ಹತ್ರ ಒಂದು ಕಡೆ ಇಟ್ಟು ಒಂದೆರಡು ತಿಂಗಳು ಮುಟ್ಟಬೇಡಿ. ರೂಮಿನ ಲುಕ್ ಬದಲಾಯಿಸಬೇಕು ಅನ್ಸಿದ್ರೆ ಕುರ್ಚಿ ಸರಿಸಿ.

ಪ್ರಶ್ನೆ: ಕಿಟಕಿ ಇಲ್ಲದ ಬಾತ್‌ರೂಮಿಗೆ ಯಾವ ಗಿಡ ಚೆಂದ?

ಯಾವುದೂ ಇಲ್ಲ. ಕತ್ತಲಲ್ಲಿ ಬೆಳೆಯೋ ಗಿಡ ಅಂತ ಝಡ್‌ಝಡ್ ಪ್ಲಾಂಟ್ ಮಾರ್ತಾರೆ, ಅದು ಕತ್ತಲಲ್ಲಿ ಬೆಳೆಯಲ್ಲ, ಗೆಡ್ಡೇಲಿ ಕೂಡಿಟ್ಟಿದ್ದನ್ನ ತಿನ್ಕೊಂಡು ತಿಂಗಳುಗಟ್ಟಲೆ ನಿಧಾನಕ್ಕೆ ಸಾಯತ್ತೆ, ಅಷ್ಟೇ. ದಿನಕ್ಕೆ 12 ಗಂಟೆ ಗ್ರೋ ಲೈಟ್ (ಗಿಡ ಬೆಳೆಸೋಕೆ ಅಂತಲೇ ಇರೋ ಬಲ್ಬು) ಉರಿಸೋಕೆ ತಯಾರಿದ್ರೆ ಮನಿ ಪ್ಲಾಂಟ್ ಇಡಿ, ಬಲ್ಬು ಎಲೆಯಿಂದ ಒಂದಡಿ ದೂರದಲ್ಲಿರ್ಲಿ, ನೀರು ತಾಗದ ಹಾಗೆ ವೈರಿಂಗ್ ಎಲೆಕ್ಟ್ರಿಷಿಯನ್ ಹತ್ರಾನೇ ಮಾಡಿಸಿ.