ಪೇ ಸ್ಲಿಪ್ ಇಲ್ಲ ಅಂತ ಪಗಾರ ಬಿಡಬೇಡಿ

ಪ್ರಶ್ನೆ: ಬಳ್ಳಾರಿಯ ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿ ಪೀಸ್ ಲೆಕ್ಕದಲ್ಲಿ ದುಡಿಯುತ್ತಿದ್ದೆ. ಮೂರು ತಿಂಗಳ ಪಗಾರ ಕೊಡದೆ ಕೆಲಸ ಬಿಡಿಸಿದರು. ಆರ್ಡರ್ ಲೆಟರ್, ಪೇ ಸ್ಲಿಪ್ ಏನೂ ಇಲ್ಲ. ಕಾರ್ಮಿಕ ಇಲಾಖೆಗೆ ದೂರು ಕೊಡಬಹುದಾ ಸರ್?

ಉತ್ತರ: ಕೊಡಬಹುದು. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮಾತ್ರ ನಿಲ್ಲುವುದಿಲ್ಲ. ಪೇ ಸ್ಲಿಪ್ ಕೊಡಬೇಕಾದವರು ಮಾಲೀಕರು. ಅವರು ಕೊಡದಿದ್ದರೆ ಅದು ಅವರ ತಪ್ಪು, ನಿಮ್ಮದು ಹೇಗಾಗುತ್ತದೆ? ಪಗಾರದ ಕಾನೂನು, ಅಂದರೆ ವೇತನ ಸಂಹಿತೆ, 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಪಗಾರ ಕೊಟ್ಟಿದ್ದೇನೆ ಅಂತ ಸಾಬೀತು ಮಾಡುವ ಹೊಣೆಯನ್ನು ಅದು ಮಾಲೀಕರ ತಲೆಗೇ ಕಟ್ಟಿದೆ. ಪೀಸ್ ಲೆಕ್ಕದವರೂ ಅದರೊಳಗೆ ಬರುತ್ತಾರೆ. ಕೆಲಸ ಬಿಡಿಸಿದರೆ ಎರಡು ಕೆಲಸದ ದಿನದೊಳಗೆ ಬಾಕಿ ಚುಕ್ತಾ ಆಗಬೇಕು.

ನೀವು ಅಲ್ಲಿ ದುಡಿದಿದ್ದೀರಿ ಅಂತ ತೋರಿಸಿದರಾಯಿತು. ಫೋನ್‌ಪೇಗೆ ಬಂದ ಅಡ್ವಾನ್ಸ್, ‘ನಾಳೆ ಬೇಗ ಬಾ’ ಅಂತ ಮೇಸ್ತ್ರಿ ಕಳಿಸಿದ ವಾಟ್ಸಾಪ್ ಮೆಸೇಜ್, ಪೀಸ್ ಬರೆದಿಟ್ಟ ನೋಟ್‌ಬುಕ್, ಪಕ್ಕದ ಮಷಿನ್‌ನವರ ಹೇಳಿಕೆ, ಎಲ್ಲವೂ ಕೆಲಸಕ್ಕೆ ಬರುತ್ತವೆ. ಮೊಬೈಲ್ ಬದಲಿಸುವ ಮುಂಚೆ ಪ್ರಿಂಟ್ ತೆಗೆಸಿಡಿ.

ಅರ್ಜಿ ಬಿಳಿ ಹಾಳೆಯಲ್ಲಿ, ಕನ್ನಡದಲ್ಲೇ ಇರಲಿ. ಜನ ಎರಡು ಪುಟ ಕಷ್ಟ ತೋಡಿಕೊಳ್ಳುತ್ತಾರೆ, ಬಾಕಿ ಎಷ್ಟು ಅಂತ ಬರೆಯೋದನ್ನೇ ಮರೆಯುತ್ತಾರೆ! ಯೂನಿಟ್ ಎಲ್ಲಿದೆ, ಯಾವ್ಯಾವ ತಿಂಗಳದ್ದು, ಎಷ್ಟು ರೂಪಾಯಿ, ಇಷ್ಟು ಮೊದಲು ಬರಲಿ. ನಿಮ್ಮ ಪ್ರತಿಗೆ ಸೀಲ್ ಬೀಳದೆ ಕಚೇರಿಯ ಮೆಟ್ಟಿಲಿಳಿಯಬೇಡಿ.

ಕಾನೂನು ಮೂರು ವರ್ಷ ಅವಕಾಶ ಕೊಡುತ್ತದೆ. ನಾನಾದರೆ ಮೂರು ವಾರವೂ ಕಾಯುವುದಿಲ್ಲ. ಯೂನಿಟ್ ಖಾಲಿಯಾಗಿ ಬೋರ್ಡ್ ಬದಲಾದ ಮೇಲೆ ನೋಟಿಸ್ ಯಾರಿಗೆ ಕೊಡೋದು?

ಇನ್ನು ಕಚೇರಿ ಗೇಟಿನಲ್ಲಿ ನಿಂತು ‘ಹತ್ತು ಪಟ್ಟು ಕೊಡಿಸ್ತೀನಿ, ನನಗೆ ಇಷ್ಟು ಪರ್ಸೆಂಟ್’ ಅನ್ನುವ ಏಜೆಂಟರು. ಬಾಕಿಯ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ಅಧಿಕಾರಿಗೆ ಇರುವುದು ನಿಜ. ಅದು ಗರಿಷ್ಠ ಮಿತಿ ಮಾತ್ರ, ಎಲ್ಲರಿಗೂ ಸಿಗುವ ಮೊತ್ತ ಅಲ್ಲ. ಇಂಥವರ ಕೈಗೆ ಖಾಲಿ ಹಾಳೆಗೆ ಸಹಿ ಹಾಕಿ ಕೊಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮಾಲೀಕರು ಕರೆದು ಅರ್ಧ ದುಡ್ಡು ಕೊಟ್ಟು ‘ಎಲ್ಲಾ ಮುಟ್ಟಿದೆ’ ಅಂತ ಬರೆಸಿಕೊಳ್ಳಲು ಬಂದರೂ ಅಷ್ಟೇ. ಕೈಗೆ ಬಂದಷ್ಟನ್ನೇ ಬರೆದು, ತಾರೀಖು ಹಾಕಿ ಸಹಿ ಮಾಡಿ.

ಪ್ರಶ್ನೆ: ಗಂಗಾವತಿಯ ರೈಸ್ ಮಿಲ್‌ನಲ್ಲಿದ್ದೆ. ಕಾಂಟ್ರಾಕ್ಟರ್ ಓಡಿಹೋದ. ನಮಗೂ ಅದಕ್ಕೂ ಸಂಬಂಧ ಇಲ್ಲ ಅಂತಾರೆ ಮಿಲ್‌ನವರು.

ಉತ್ತರ: ಸಂಬಂಧ ಇದೆ. ಕಾಂಟ್ರಾಕ್ಟರ್ ಕೊಡದಿದ್ದರೆ ಮಿಲ್‌ನವರೇ ಕೊಡಬೇಕು. ಅರ್ಜಿಯಲ್ಲಿ ಇಬ್ಬರ ಹೆಸರೂ ಹಾಕಿ.

ಪ್ರಶ್ನೆ: ಸಂಡೂರಿನ ಗಣಿ ಕೆಲಸಗಾರ. ಲೇಬರ್ ಇನ್‌ಸ್ಪೆಕ್ಟರ್ ಅರ್ಜಿ ತಗೊಳ್ಳಲಿಲ್ಲ.

ಉತ್ತರ: ಅವರನ್ನು ಬೈಯಬೇಡಿ. ಗಣಿ ಕೇಂದ್ರ ಸರ್ಕಾರದ ವ್ಯಾಪ್ತಿ. ಕೇಂದ್ರದ ಸಹಾಯಕ ಕಾರ್ಮಿಕ ಆಯುಕ್ತರಿಗೆ ಕೊಡಿ.

ಪ್ರಶ್ನೆ: ರಾಯಚೂರಿನಿಂದ. ಪಗಾರದಲ್ಲಿ ಪಿಎಫ್ ಹಿಡಿದರು, ಕಟ್ಟಿಲ್ಲ.

ಉತ್ತರ: ಅದಕ್ಕೆ ಪಿಎಫ್ ಕಚೇರಿ ಇದೆ. ಅಲ್ಲಿಗೆ ಹೋಗಿ.

ಪ್ರಶ್ನೆ: ಹೆಸರು ಹಾಕದೆ ಪಗಾರದ ದೂರು ಕೊಡಬಹುದಾ?

ಉತ್ತರ: ಹೆಸರೇ ಇಲ್ಲದಿದ್ದರೆ ದುಡ್ಡು ಯಾರ ಖಾತೆಗೆ ಹಾಕಿಸಲಿ?