ಸಿ ಡ್ರೈವ್ ತುಂಬಿಸಿದ ‘ವಿಂಡೋಸ್.ಓಲ್ಡ್’: ಅಳಿಸುವ ಮೊದಲು ನೋಡಬೇಕಾದ್ದು

ಪ್ರಶ್ನೆ: ಹುಮನಾಬಾದಿನ್ಯಾಗ ನಮ್ಮದೊಂದು ಆನ್‌ಲೈನ್ ಅರ್ಜಿ ಸೆಂಟರ್ ಅದರೀ. ಕಂಪ್ಯೂಟರಿಗೆ ಬರೇ 128 ಜಿಬಿ ಎಸ್‌ಎಸ್‌ಡಿ. ಹೋದ ವಾರ ವಿಂಡೋಸ್ 10ರಿಂದ 11ಕ್ಕ ಅಪ್‌ಗ್ರೇಡ್ ಮಾಡಿದ ಮ್ಯಾಲ ಸಿ ಡ್ರೈವ್ ಕೆಂಪು ತೋರ್ಸ್ಲಿಕತ್ತದ. ವಿಂಡೋಸ್.ಓಲ್ಡ್ ಅಂತ 24 ಜಿಬಿ ಫೋಲ್ಡರ್ ಕುಂತದ. ಡಿಲೀಟ್ ಕೊಟ್ರ ಪರ್ಮಿಷನ್ ಇಲ್ಲ ಅಂತದ. ಏನ್ ಮಾಡ್ಬೇಕ್ರಿ?

ಉತ್ತರ: ಆ ಫೋಲ್ಡರಿನಲ್ಲಿರುವುದು ನಿಮ್ಮ ಹಳೆಯ ವಿಂಡೋಸ್ 10. ಅಪ್‌ಗ್ರೇಡ್ ಆಗುವಾಗ ಹಳೆಯ ಸಿಸ್ಟಮ್ ಫೈಲು, ಪ್ರೋಗ್ರಾಂ, ಡ್ರೈವರುಗಳನ್ನು ಅಲ್ಲಿ ಎತ್ತಿಟ್ಟಿರುತ್ತದೆ. ಹೊಸದು ಹೊಂದದಿದ್ದರೆ 10 ದಿನದೊಳಗೆ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿಗೆ ಹೋಗಿ ‘ಗೋ ಬ್ಯಾಕ್’ ಒತ್ತಿದರೆ ಹಳೆಯ ವಿಂಡೋಸ್ ಮರಳುತ್ತದೆ. 10 ದಿನ ಕಳೆದ ಮೇಲೆ ಸಾಮಾನ್ಯವಾಗಿ ಫೋಲ್ಡರ್ ತಾನೇ ಅಳಿಯುತ್ತದೆ.

ನಿಮ್ಮ ಕೈಯಲ್ಲಿ ಇನ್ನೂ ಎರಡು ಮೂರು ದಿನ ಇರಬೇಕು. ಅಷ್ಟರಲ್ಲಿ ಸೆಂಟರಿನ ಎಲ್ಲ ಯಂತ್ರಗಳನ್ನೂ ಒಂದೊಂದು ಸಲ ನಡೆಸಿ ನೋಡಿ: ಪ್ರಿಂಟರ್, ಸ್ಕ್ಯಾನರ್, ಡಿಜಿಟಲ್ ಸಹಿಯ ಟೋಕನ್, ಮುಖ್ಯವಾಗಿ ಬೆರಳಚ್ಚು ಯಂತ್ರ. ಬೆರಳಚ್ಚು ಯಂತ್ರಕ್ಕೆ ಡ್ರೈವರ್ ಜೊತೆ ಆರ್‌ಡಿ ಸರ್ವಿಸ್ (ಬೆರಳಚ್ಚನ್ನು ಆಧಾರ್ ದೃಢೀಕರಣಕ್ಕೆ ಕಳಿಸುವ ತಂತ್ರಾಂಶ) ಕೂಡ ಓಡಬೇಕು. ಯಂತ್ರದ ದೀಪ ಹತ್ತಿದ ಮಾತ್ರಕ್ಕೆ ಕೆಲಸ ಮಾಡುತ್ತದೆ ಎಂದುಕೊಳ್ಳಬೇಡಿ, ನಿಜವಾದ ಒಂದು ಅರ್ಜಿಯಲ್ಲಿ ಬೆರಳಿಟ್ಟು ನೋಡಿ. ಕೆಲಸ ಮಾಡದಿದ್ದರೆ ಮೊದಲು ತಯಾರಕರ ತಾಣದಿಂದ ವಿಂಡೋಸ್ 11ರ ಡ್ರೈವರ್ ಹಾಕಿ. ಅದೂ ಆಗದಿದ್ದಾಗ ಮಾತ್ರ ಹಿಂದಕ್ಕೆ ಹೋಗಿ, ಏಕೆಂದರೆ ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಿಂದಕ್ಕೆ ಹೋದರೆ ಅಪ್‌ಗ್ರೇಡ್ ಆದ ಮೇಲೆ ಹಾಕಿದ ಪ್ರೋಗ್ರಾಂಗಳು ಹೋಗುತ್ತವೆ ಎಂಬುದೂ ಗೊತ್ತಿರಲಿ.

ಎಲ್ಲ ಸರಿ ಇದ್ದರೆ ಅಳಿಸಿ, ಆದರೆ ಡಿಲೀಟ್ ಕೀಲಿಯಿಂದಲ್ಲ. ಆ ಫೈಲುಗಳ ಒಡೆತನ ಸಿಸ್ಟಮ್‌ನದು, ನಿಮ್ಮ ಖಾತೆಯದಲ್ಲ. ಒಡೆತನ ಬದಲಿಸಿ ಬಲವಂತವಾಗಿ ಅಳಿಸಲು ಹೋದರೆ ಅರ್ಧ ಅಳಿದು ಅರ್ಧ ಉಳಿಯಬಹುದು. ಆಗ ಜಾಗವೂ ಪೂರ್ತಿ ಸಿಗುವುದಿಲ್ಲ, ಹಿಂದಕ್ಕೆ ಹೋಗುವ ದಾರಿಯೂ ಮುಚ್ಚುತ್ತದೆ. ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್, ಟೆಂಪರರಿ ಫೈಲ್ಸ್ ತೆರೆಯಿರಿ. ಪಟ್ಟಿ ಬರಲು ಒಂದೆರಡು ನಿಮಿಷ ಬೇಕು. ‘ಪ್ರೀವಿಯಸ್ ವಿಂಡೋಸ್ ಇನ್‌ಸ್ಟಾಲೇಷನ್’ ಎಂಬುದಕ್ಕೆ ಗುರುತು ಹಾಕಿ ‘ರಿಮೂವ್ ಫೈಲ್ಸ್’ ಒತ್ತಿ.

ಇಲ್ಲೇ ಒಂದು ಅಪಾಯವಿದೆ. ಅದೇ ಪಟ್ಟಿಯಲ್ಲಿ ‘ಡೌನ್‌ಲೋಡ್ಸ್’ ಕೂಡ ಇರುತ್ತದೆ. ಜಾಗದ ಆಸೆಗೆ ಎಲ್ಲಕ್ಕೂ ಗುರುತು ಹಾಕಿದರೆ ಗಿರಾಕಿಗಳ ಜಾತಿ ಆದಾಯ ಪ್ರಮಾಣಪತ್ರ, ಪಹಣಿ, ಅರ್ಜಿಯ ಪಿಡಿಎಫ್ ಎಲ್ಲ ಹೋಗುತ್ತವೆ, ರಿಸೈಕಲ್ ಬಿನ್ನಿನಲ್ಲೂ ಸಿಗುವುದಿಲ್ಲ. ಅದರ ಮುಂದಿನ ಗುರುತು ತೆಗೆದಿದೆಯೇ ಎಂದು ಎರಡು ಸಲ ನೋಡಿ.

ಪರೀಕ್ಷೆಗೆ ಇನ್ನಷ್ಟು ದಿನ ಬೇಕೆನ್ನುವವರು 10 ದಿನ ಮುಗಿಯುವ ಮೊದಲೇ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ‘DISM /Online /Set-OSUninstallWindow /Value:30’ ಎಂದು ಕೊಡಬಹುದು. ಕೊನೆಯ ಅಂಕಿಯೇ ದಿನಗಳ ಲೆಕ್ಕ, 2ರಿಂದ 60ರವರೆಗೆ ನಡೆಯುತ್ತದೆ. ಆದರೆ 128 ಜಿಬಿ ಡಿಸ್ಕಿನಲ್ಲಿ 24 ಜಿಬಿಯನ್ನು ತಿಂಗಳುಗಟ್ಟಲೆ ಕಟ್ಟಿಹಾಕುವುದು ನಿಮಗೆ ಬೇಡ.

ಪ್ರಶ್ನೆ: ಕಲಬುರಗಿಯ ದಾಲ್ ಮಿಲ್ ಒಂದರಲ್ಲಿ ಲೆಕ್ಕ ಬರೆಯುತ್ತೇನೆ. ರಿಪೇರಿಯವರು ಫಾರ್ಮ್ಯಾಟ್ ಮಾಡದೆ ಹೊಸದಾಗಿ ವಿಂಡೋಸ್ ಹಾಕಿಕೊಟ್ಟರು. ಡೆಸ್ಕ್‌ಟಾಪ್ ಖಾಲಿ, ಟ್ಯಾಲಿಯಲ್ಲಿ ಕಂಪನಿಯೇ ಇಲ್ಲ, ಡಿ ಡ್ರೈವಿನ ನುಡಿ ಪತ್ರಗಳೆಲ್ಲ ಇಂಗ್ಲಿಷ್ ಗೋಜಲು. ವಿಂಡೋಸ್.ಓಲ್ಡ್ ಮಾತ್ರ ಇದೆ. ಏನಾದರೂ ಉಳಿದಿದೆಯೇ?

ಉತ್ತರ: ಬಹುಪಾಲು ಉಳಿದಿದೆ, ಆದರೆ ಇವತ್ತೇ ಎತ್ತಿಕೊಳ್ಳಿ. ಹೀಗೆ ಹೊಸದಾಗಿ ಹಾಕಿದಾಗ ‘ಗೋ ಬ್ಯಾಕ್’ ಸಿಗುವುದಿಲ್ಲ, ಫೋಲ್ಡರ್ ಅಳಿಯುವ ಗಡುವು ಮಾತ್ರ ನಡೆಯುತ್ತಿರುತ್ತದೆ. ಸಿ ಡ್ರೈವಿನಲ್ಲಿ ವಿಂಡೋಸ್.ಓಲ್ಡ್, ಅದರೊಳಗೆ ಯೂಸರ್ಸ್, ಅದರೊಳಗೆ ನಿಮ್ಮ ಹಳೆಯ ಹೆಸರಿನ ಫೋಲ್ಡರ್ ತೆರೆಯಿರಿ. ಅನುಮತಿ ಕೇಳಿದರೆ ‘ಕಂಟಿನ್ಯೂ’ ಕೊಡಿ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮೂರನ್ನೂ ಡಿ ಡ್ರೈವಿಗೆ ಕಾಪಿ ಮಾಡಿ. ಕಟ್ ಬೇಡ: ನಡುವೆ ಕರೆಂಟ್ ಹೋದರೆ ಅರ್ಧ ಇಲ್ಲಿ, ಅರ್ಧ ಅಲ್ಲಿ ಆಗುತ್ತದೆ.

ಟ್ಯಾಲಿ ಪ್ರೈಮ್ ತಾನಾಗಿ ಲೆಕ್ಕ ಇಡುವುದು ನಿಮ್ಮ ಹೆಸರಿನ ಫೋಲ್ಡರಿನಲ್ಲಲ್ಲ, ‘ಪಬ್ಲಿಕ್’ನಲ್ಲಿ. ಅದಕ್ಕೇ ಎಷ್ಟೋ ಜನ ಹುಡುಕಿ ಸಿಗದೆ ಕೈಚೆಲ್ಲುತ್ತಾರೆ. ವಿಂಡೋಸ್.ಓಲ್ಡ್, ಯೂಸರ್ಸ್, ಪಬ್ಲಿಕ್, ಟ್ಯಾಲಿಪ್ರೈಮ್, ಡೇಟಾ: ಇಲ್ಲಿ ಅಂಕಿಗಳ ಹೆಸರಿನ ಫೋಲ್ಡರುಗಳಿದ್ದರೆ ಅವೇ ನಿಮ್ಮ ಕಂಪನಿಗಳು. ಇಡೀ ಡೇಟಾ ಫೋಲ್ಡರನ್ನು ಡಿ ಡ್ರೈವಿಗೆ ಕಾಪಿ ಮಾಡಿ, ಟ್ಯಾಲಿಯ ‘ಸೆಲೆಕ್ಟ್ ಕಂಪನಿ’ಯಲ್ಲಿ ‘ಸ್ಪೆಸಿಫೈ ಪಾತ್’ ಕೊಟ್ಟು ಆ ಜಾಗ ತೋರಿಸಿ. ವಿಂಡೋಸ್.ಓಲ್ಡ್‌ನಿಂದಲೇ ನೇರವಾಗಿ ತೆರೆದು ವೋಚರ್ ಹಾಕುತ್ತಾ ಕೂರಬೇಡಿ. ಫೋಲ್ಡರ್ ಅಳಿದ ದಿನ ಹೊಸ ಲೆಕ್ಕವೂ ಅದರ ಜೊತೆ ಹೋಗುತ್ತದೆ.

ನುಡಿ ಪತ್ರಗಳು ಕೆಟ್ಟಿಲ್ಲ. ಹಳೆಯ ನುಡಿ ಫಾಂಟಿನ ಬರಹದಲ್ಲಿ ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಫಾಂಟ್ ಅದನ್ನು ಕನ್ನಡದ ಆಕಾರದಲ್ಲಿ ತೋರಿಸುತ್ತಿತ್ತು. ಫಾಂಟ್ ಹೋಯಿತು, ಸಂಕೇತ ಬಯಲಾಯಿತು, ಅಷ್ಟೇ. ಫಾಂಟ್ ಮತ್ತೆ ಬರುವತನಕ ಆ ಫೈಲುಗಳನ್ನು ತಿದ್ದಬೇಡಿ, ಬೇರೆ ಫಾಂಟ್ ಕೊಟ್ಟು ಸೇವ್ ಮಾಡಬೇಡಿ. ನುಡಿ ತಂತ್ರಾಂಶವನ್ನು ಮತ್ತೆ ಹಾಕಿ. ಅದು ಕೈಗೆ ಸಿಗದಿದ್ದರೆ ವಿಂಡೋಸ್.ಓಲ್ಡ್ ಒಳಗಿನ ವಿಂಡೋಸ್, ಫಾಂಟ್ಸ್‌ನಲ್ಲಿ ಇಂಗ್ಲಿಷಿನಲ್ಲಿ ‘ನುಡಿ’ ಎಂದು ಹುಡುಕಿ, ಸಿಕ್ಕ ಫಾಂಟುಗಳನ್ನು ಹೊರಗೆ ಕಾಪಿ ಮಾಡಿ, ಬಲ ಕ್ಲಿಕ್ಕಿನಿಂದ ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಕೊಡಿ. ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಯೂನಿಕೋಡ್‌ನಲ್ಲಿ ಬರೆದ ಪತ್ರಗಳಿಗೆ ಈ ತೊಂದರೆಯೇ ಬರುವುದಿಲ್ಲ, ವಿಂಡೋಸ್ ಜೊತೆಗೇ ಬರುವ ನಿರ್ಮಲಾ ಫಾಂಟ್ ಕನ್ನಡ ತೋರಿಸುತ್ತದೆ.

ಬ್ರೌಸರಿನಲ್ಲಿ ಉಳಿಸಿದ್ದ ಪಾಸ್‌ವರ್ಡುಗಳ ಆಸೆ ಬಿಡಿ. ಅವಕ್ಕೆ ಹಳೆಯ ವಿಂಡೋಸ್ ಖಾತೆಯ ಬೀಗವಿರುತ್ತದೆ, ಫೈಲ್ ಕಾಪಿ ಮಾಡಿದರೂ ತೆರೆಯುವುದಿಲ್ಲ.

ಪ್ರಶ್ನೆ: ಸುರಪುರದ ಪದವಿ ವಿದ್ಯಾರ್ಥಿನಿ. ವಿಂಡೋಸ್ ಫೋಲ್ಡರಿನ ‘ವಿನ್‌ಎಸ್‌ಎಕ್ಸ್‌ಎಸ್’ 12 ಜಿಬಿ ತೋರಿಸುತ್ತದೆ. ಅದೂ ಹಳೆಯ ಅಪ್‌ಡೇಟ್ ಕಸವೇ? ಅಳಿಸಲೇ?

ಉತ್ತರ: ಬೇಡ. ಅದು ವಿಂಡೋಸ್ ತನ್ನ ಬಿಡಿಭಾಗಗಳನ್ನು ಇಟ್ಟುಕೊಳ್ಳುವ ಜಾಗ, ಅಳಿಸಿದರೆ ಲ್ಯಾಪ್‌ಟಾಪ್ ಮತ್ತೆ ಶುರುವೇ ಆಗದಿರಬಹುದು. ಅಲ್ಲಿನ ಎಷ್ಟೋ ಫೈಲುಗಳು ಸಿಸ್ಟಮ್ ಫೋಲ್ಡರುಗಳಲ್ಲೂ ಕಾಣುವ ಅವೇ ಫೈಲುಗಳು. ಡಿಸ್ಕಿನಲ್ಲಿರುವುದು ಒಂದೇ ಪ್ರತಿ, ಎಕ್ಸ್‌ಪ್ಲೋರರ್ ಎರಡೂ ಕಡೆ ಎಣಿಸುತ್ತದೆ, ಹಾಗಾಗಿ 12 ಜಿಬಿ ನಿಜವಾದ ಲೆಕ್ಕವಲ್ಲ. ಅದರಲ್ಲಿನ ಬೇಡದ ಭಾಗವನ್ನು ತೆಗೆಯಲು ‘ಡಿಸ್ಕ್ ಕ್ಲೀನಪ್’ ತೆರೆದು ‘ಕ್ಲೀನಪ್ ಸಿಸ್ಟಮ್ ಫೈಲ್ಸ್’ ಒತ್ತಿ, ‘ವಿಂಡೋಸ್ ಅಪ್‌ಡೇಟ್ ಕ್ಲೀನಪ್’ಗೆ ಗುರುತು ಹಾಕಿ.

ಪ್ರಶ್ನೆ: ಕಲಬುರಗಿಯಿಂದ. ಅಪ್‌ಗ್ರೇಡ್ ನಡುವೆ ಕರೆಂಟ್ ಹೋಯಿತು. ಈಗ ಡಾಲರ್ ಚಿಹ್ನೆಯಿಂದ ಶುರುವಾಗುವ ‘ವಿಂಡೋಸ್.~ಬಿಟಿ’ ಎಂಬ ಅಡಗಿದ ಫೋಲ್ಡರ್ ಜಾಗ ಹಿಡಿದಿದೆ.

ಉತ್ತರ: ಅದು ಅರ್ಧಕ್ಕೆ ನಿಂತ ಅಪ್‌ಗ್ರೇಡಿನ ಸಾಮಾನು, ನಿಮ್ಮ ಕಡತಗಳು ಅದರಲ್ಲಿಲ್ಲ. ಕಂಪ್ಯೂಟರ್ ಹಳೆಯ ವಿಂಡೋಸಿನಲ್ಲಿ ಸರಿಯಾಗಿ ನಡೆಯುತ್ತಿದ್ದರೆ ಡಿಸ್ಕ್ ಕ್ಲೀನಪ್‌ನಲ್ಲೇ ‘ಟೆಂಪರರಿ ವಿಂಡೋಸ್ ಇನ್‌ಸ್ಟಾಲೇಷನ್ ಫೈಲ್ಸ್’ ಆರಿಸಿ ತೆಗೆಯಿರಿ. ಮತ್ತೆ ಅಪ್‌ಗ್ರೇಡ್ ಮಾಡುವಾಗ ಸಿ ಡ್ರೈವಿನಲ್ಲಿ 25ರಿಂದ 30 ಜಿಬಿ ಖಾಲಿ ಇಟ್ಟುಕೊಳ್ಳಿ. ಯುಪಿಎಸ್ ಇದ್ದರೂ ಅದರ ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತದೆಂದು ಮೊದಲೇ ನೋಡಿ: ಹಳೆಯ ಹಾರ್ಡ್ ಡಿಸ್ಕಿನ ಕಂಪ್ಯೂಟರಿನಲ್ಲಿ ಈ ಕೆಲಸ ಒಂದೆರಡು ತಾಸು ಹಿಡಿಯುತ್ತದೆ, ಸಾದಾ ಯುಪಿಎಸ್ ಅಷ್ಟು ಹೊತ್ತು ನಿಲ್ಲುವುದಿಲ್ಲ. ಇನ್ವರ್ಟರ್ ಇರುವ ಮನೆಯಲ್ಲೋ ಅಂಗಡಿಯಲ್ಲೋ ಕೂತು ಮಾಡುವುದು ಒಳ್ಳೆಯದು.